ಕೈಗೆ ಸ್ಯಾನಿಟೈಜರ್ ಹಾಕ್ಕೊಂಡೇ ಒಳಗೆ ಹೋದ್ರು, ಆದ್ರೂ 61 ಜನದಲ್ಲಿ 53 ಜನಕ್ಕೆ ಕಾಯಿಲೆ: ಒಂದು ಹಾಡಿನ ಪ್ರಾಕ್ಟೀಸಿನ ಪ್ರಕರಣ ಅಧ್ಯಯನ

ಕೊರೊನಾ ಹೇಗೆ ಹರಡುತ್ತೆ ಅಂತ ಡಾಕ್ಟರುಗಳು, ಇಂಜಿನಿಯರುಗಳು, ಸರ್ಕಾರಗಳು ವರ್ಷಗಟ್ಟಲೆ ಜಗಳ ಆಡಿದ್ರಲ್ಲ, ಆ ಜಗಳದಲ್ಲಿ ಎರಡೂ ಕಡೆಯವರು (ಮುಟ್ಟೋದ್ರಿಂದ, ಹನಿಯಿಂದ ಅನ್ನೋರು ಒಂದು ಕಡೆ, ಗಾಳಿಯಿಂದ ಅನ್ನೋರು ಇನ್ನೊಂದು ಕಡೆ) ಮತ್ತೆ ಮತ್ತೆ ಎತ್ತಿದ ಕೇಸು ಒಂದಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಲಿ 2020ರ ಮಾರ್ಚ್ 10, ಮಂಗಳವಾರ ಸಂಜೆ ನಡೆದ ಒಂದು ಹಾಡಿನ ಪ್ರಾಕ್ಟೀಸು. ಎರಡೂವರೆ ಗಂಟೆ. ಬಂದವರು 61 ಜನ, ಅದರಲ್ಲಿ 53 ಜನಕ್ಕೆ ಕಾಯಿಲೆ, ಮೂರು ಜನ ಆಸ್ಪತ್ರೆ ಸೇರಿದ್ರು, ಇಬ್ಬರು ತೀರಿಕೊಂಡ್ರು. ಅಲ್ಲಿನ ಕೌಂಟಿ ಆರೋಗ್ಯ ಇಲಾಖೆಯವರು ಒಬ್ಬೊಬ್ಬರಿಗೂ ಫೋನ್ ಮಾಡಿ ವಿವರ ತಗೊಂಡು, ಅದನ್ನ ಮೇ ತಿಂಗಳಲ್ಲಿ ಅಮೆರಿಕದ ಸಿಡಿಸಿಯ (ಅಲ್ಲಿನ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ವಾರಪತ್ರಿಕೆಲಿ ಪ್ರಕಟ ಮಾಡಿದ್ರಿಂದ ನಮಗೆ ಇಷ್ಟು ಗೊತ್ತಿದೆ. ತಂಡದ ಹೆಸರು, ಜನರ ಹೆಸರು ಹುಡುಕಿದ್ರೆ ಸಿಗುತ್ತೆ, ಆದ್ರೆ ಇಲ್ಲಿ ಅದು ಬೇಡ. ಅವರಲ್ಲಿ ಯಾರೂ ತಪ್ಪಿತಸ್ಥರಲ್ಲ, ನಾವು ನೋಡಬೇಕಾದ್ದು ಅವರು ತಗೊಂಡ ಒಂದೊಂದು ನಿರ್ಧಾರಾನ, ಆ ಹೊತ್ತಿಗೆ ಅದು ಸರಿ ಅಂತ ಯಾಕೆ ಅನ್ನಿಸ್ತು ಅನ್ನೋದನ್ನ.

ಹಿನ್ನೆಲೆ

ಇದು ಊರಿನವರೇ ಸೇರ್ಕೊಂಡು ಖುಷಿಗೆ ಹಾಡೋ ತಂಡ, ದುಡ್ಡಿಗೆ ಹಾಡೋರಲ್ಲ. 122 ಜನ ಸದಸ್ಯರು. ಕಾಯಿಲೆ ಬಿದ್ದವರ ವಯಸ್ಸು 31ರಿಂದ 83ರವರೆಗೆ, ನಡುವಿನ ವಯಸ್ಸು 69, ಮತ್ತೆ ಅವರಲ್ಲಿ ಹೆಂಗಸರೇ ಜಾಸ್ತಿ. ಅಂದ್ರೆ ರಿಟೈರ್ ಆದವರು, ಮೊಮ್ಮಕ್ಕಳಿರೋರು, ವಾರಕ್ಕೊಂದು ಸಂಜೆ ಎಲ್ಲರೂ ಸಿಗ್ತಾರೆ ಅಂತಾನೇ ಕಾಯೋ ಥರದ ಜನ. ನಮ್ಮ ಬಡಾವಣೆಗಳ ಭಜನಾ ಮಂಡಳಿ ನೋಡಿದವರಿಗೆ ಈ ಗುಂಪಿನ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ.

ಆ ಹೊತ್ತಿಗೆ ಪರಿಸ್ಥಿತಿ ಹೇಗಿತ್ತು ಅಂದ್ರೆ, ಅಮೆರಿಕದ ಮೊದಲ ಕೊರೊನಾ ಕೇಸು ಜನವರಿಲಿ ಸಿಕ್ಕಿದ್ದೇ ಪಕ್ಕದ ಸ್ನೊಹೋಮಿಶ್ ಕೌಂಟಿಲಿ. ಫೆಬ್ರವರಿ ಕೊನೆಗೆ ಸಿಯಾಟಲ್ ಹತ್ತಿರ ಕರ್ಕ್‌ಲ್ಯಾಂಡ್‌ನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಸಾವುಗಳು ಶುರುವಾಗಿದ್ವು. ಅಂದ್ರೆ ಗಾಡಿಲಿ ಒಂದು ಗಂಟೆ ದೂರದಲ್ಲಿ ಬೆಂಕಿ ಬಿದ್ದಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಆದ್ರೆ ಇವರ ಕೌಂಟಿಲಿ ಸ್ಕೂಲು ನಡೀತಿತ್ತು, ಅಂಗಡಿ ತೆಗೆದಿತ್ತು, ಜನ ಸೇರಬಾರದು ಅಂತ ಯಾವ ಆದೇಶಾನೂ ಬಂದಿರ್ಲಿಲ್ಲ. ಗವರ್ನರ್ 250ಕ್ಕಿಂತ ಜಾಸ್ತಿ ಜನ ಸೇರೋ ಹಾಗಿಲ್ಲ ಅಂದಿದ್ದು ಮಾರ್ಚ್ 11ಕ್ಕೆ, ಅಂದ್ರೆ ಪ್ರಾಕ್ಟೀಸಿನ ಮಾರನೇ ದಿನ, ಅದೂ ಸಿಯಾಟಲ್ ಸುತ್ತಮುತ್ತಲ ಮೂರು ಕೌಂಟಿಗೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಮಹಾಮಾರಿ ಅಂತ ಘೋಷಣೆ ಮಾಡಿದ್ದೂ ಅದೇ 11ಕ್ಕೆ. ಇನ್ನೊಂದು ವಿಷಯ, ಭಾರತದಲ್ಲಿ ಕೊರೊನಾದಿಂದ ಮೊದಲ ಸಾವು ಅಂತ ದಾಖಲಾಗಿದ್ದು ನಮ್ಮ ಕಲಬುರಗಿಯ 76 ವರ್ಷದ ಹಿರಿಯರದ್ದು, ಅವರು ತೀರಿಕೊಂಡಿದ್ದೂ ಇದೇ ಮಾರ್ಚ್ 10ರಂದೇ, ರಿಪೋರ್ಟ್ ಬಂದಿದ್ದು 12ಕ್ಕೆ. ಕಾಯಿಲೆ ಮುಂದೆ, ರಿಪೋರ್ಟ್ ಹಿಂದೆ, ಆದೇಶ ಅದಕ್ಕಿಂತ ಹಿಂದೆ. ಎರಡೂ ದೇಶದಲ್ಲಿ ಆವಾಗ ಹೀಗೇ ಇತ್ತು.

ಮೊದಲನೇ ತಿರುವು ಮಾರ್ಚ್ 6ಕ್ಕೆ. ತಂಡದ ನಿರ್ದೇಶಕರು ಸದಸ್ಯರಿಗೆಲ್ಲ ಈಮೇಲ್ ಹಾಕ್ತಾರೆ, ಪ್ರಾಕ್ಟೀಸ್ ಎಂದಿನ ಹಾಗೇ ಇರುತ್ತೆ ಅಂತ. ಈಗ ಕೂತು ನೋಡಿದ್ರೆ ಅಯ್ಯೋ ಅನ್ಸುತ್ತೆ. ಆದ್ರೆ ಆವತ್ತು ಅವರ ಕೈಲಿದ್ದ ಮಾಹಿತಿ ಇಟ್ಕೊಂಡು ಯೋಚನೆ ಮಾಡಿ. ಸರ್ಕಾರ ಬೇಡ ಅಂದಿಲ್ಲ, ಊರಲ್ಲಿ ಹರಡ್ತಿದೆ ಅನ್ನೋ ಸುದ್ದಿ ಇಲ್ಲ, ಆರೋಗ್ಯ ಇಲಾಖೆ ಹೇಳಿದ ಎಚ್ಚರಿಕೆ ಎಲ್ಲಾ ತಗೋತೀವಿ ಅಂದ್ಕೊಂಡಿದ್ದಾರೆ. ಅವರು ಅಪಾಯಾನ ಕಡೆಗಣಿಸಿದ್ರು ಅಂತ ನಾನು ಒಪ್ಪಲ್ಲ. ಅಪಾಯ ಕೈಯಿಂದ, ಮುಟ್ಟೋದ್ರಿಂದ ಬರುತ್ತೆ ಅಂತ ಅವರಿಗೆ ಹೇಳಿಕೊಟ್ಟಿದ್ರು, ಅವರು ಆ ಬಾಗಿಲನ್ನ ಭದ್ರ ಮಾಡ್ಕೊಂಡ್ರು.

ಇನ್ನೂ ಒಂದು ಸಣ್ಣ ಲೆಕ್ಕ. ಮಾರ್ಚ್ 3ರ ಪ್ರಾಕ್ಟೀಸಿಗೆ 78 ಜನ ಬಂದಿದ್ರು, 10ಕ್ಕೆ ಬಂದಿದ್ದು 61. ಭಯಕ್ಕೋ ಬೇರೆ ಕೆಲಸಕ್ಕೋ, ಒಟ್ಟು ತಂಡದ ಅರ್ಧ ಜನ ಆವತ್ತು ಮನೇಲೇ ಉಳಿದಿದ್ರು. ಆ ಅರ್ಧ ಜನ ಬಚಾವಾಗಿದ್ದು ಸ್ಯಾನಿಟೈಜರಿಂದ ಅಲ್ಲ.

ಆ ಸಂಜೆ

ಬಾಗಿಲ ಹತ್ತಿರ ಒಬ್ಬರು ನಿಂತ್ಕೊಂಡು ಬಂದವರಿಗೆಲ್ಲ ಸ್ಯಾನಿಟೈಜರ್ ಕೊಡ್ತಿದ್ರು. ಕೈ ಕುಲುಕೋದಿಲ್ಲ, ಅಪ್ಪಿಕೊಳ್ಳೋದಿಲ್ಲ ಅಂತ ಎಲ್ಲರೂ ಪಾಲಿಸಿದ್ರು, ಯಾವಾಗ್ಲೂ ಅಪ್ಪಿಕೊಂಡೇ ಮಾತಾಡ್ಸೋ ಗುಂಪು ಅದು ಅನ್ನೋದು ನೆನಪಿಡಿ. ಯಾರೂ ಕೆಮ್ತಿರ್ಲಿಲ್ಲ, ಸೀನ್ತಿರ್ಲಿಲ್ಲ ಅಂತ ಆಮೇಲೆ ಪತ್ರಿಕೆಯವರ ಹತ್ರ ಮಾತಾಡಿದ ಸದಸ್ಯರು ಹೇಳಿದ್ದಾರೆ.

ಒಬ್ಬ ಸದಸ್ಯರಿಗೆ ಮಾತ್ರ ಮಾರ್ಚ್ 7ರಿಂದ ನೆಗಡಿ ಥರ ಏನೋ ಇತ್ತು. ಇವರೇ ಮೊದಲ ರೋಗಿ ಅಂತ ತನಿಖೆಲಿ ಗುರುತಿಸಿದ್ದು, ಆಮೇಲೆ ಟೆಸ್ಟ್ ಪಾಸಿಟಿವ್ ಬಂತು. ಎರಡನೇ ತಿರುವು ಇಲ್ಲಿದೆ. ಮಾರ್ಚ್ ಅಂದ್ರೆ ಅಲ್ಲಿ ಚಳಿ ಕಾಲದ ಬಾಲ, ಅರ್ಧ ಊರಿಗೇ ಮೂಗು ಸೋರ್ತಿರುತ್ತೆ. ಜ್ವರ ಇಲ್ಲ, ಮಲಗೋ ಅಷ್ಟು ಸುಸ್ತಿಲ್ಲ, ಅಂಥ ನೆಗಡಿಗೆಲ್ಲ ಪ್ರಾಕ್ಟೀಸ್ ಬಿಡೋರು ಯಾರು? ನಾವಾದ್ರೂ ಅಷ್ಟೇ, ಒಂದು ಲೋಟ ಕಷಾಯ ಕುಡಿದು, ಗಂಟಲಿಗೆ ಒಂದು ಕಲ್ಲುಸಕ್ಕರೆ ಹಾಕ್ಕೊಂಡು ಹೊರಟುಬಿಡ್ತೀವಿ. ಅದನ್ನೇ ಶ್ರದ್ಧೆ ಅಂತ ಹೊಗಳೋರೂ ಇದಾರೆ.

ಹಾಲ್ ಒಳಗಿನ ವ್ಯವಸ್ಥೆ ವರದಿಲಿ ಚೆನ್ನಾಗಿ ಬಂದಿದೆ. 120 ಕುರ್ಚಿ, ಒಂದು ಸಾಲಿಗೆ 20ರ ಹಾಗೆ ಆರು ಸಾಲು, ಮಧ್ಯೆ ಓಡಾಡೋಕೆ ಜಾಗ. ಕುರ್ಚಿಗೂ ಕುರ್ಚಿಗೂ ಮಧ್ಯೆ 6ರಿಂದ 10 ಇಂಚು, ಅಂದ್ರೆ ಒಂದು ಗೇಣು ಅಂತಿಟ್ಕೊಳ್ಳಿ. ಅರ್ಧ ಜನ ಬಂದಿಲ್ವಾದ್ರಿಂದ ಖಾಲಿ ಕುರ್ಚಿಗಳೂ ಬೇಕಾದಷ್ಟಿದ್ವು, ಆದ್ರೆ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಜಾಗ ಅಂತ ಇರುತ್ತಲ್ಲ, ಅಲ್ಲಲ್ಲೇ ಕೂತ್ರು. ಮೊದಲ 40 ನಿಮಿಷ ಎಲ್ಲರೂ ಒಟ್ಟಿಗೆ ಹಾಡಿದ್ರು. ಆಮೇಲೆ ಎರಡು ಗುಂಪಾಗಿ 50 ನಿಮಿಷ, ಒಂದು ಗುಂಪು ಅಲ್ಲೇ, ಇನ್ನೊಂದು ಗುಂಪು ಇನ್ನೂ ಚಿಕ್ಕ ಕೋಣೆಗೆ ಹೋಗಿ ಬೆಂಚಿನ ಮೇಲೆ ಪಕ್ಕ ಪಕ್ಕ ಕೂತು. ಆಮೇಲೆ 15 ನಿಮಿಷ ಬ್ರೇಕು, ಹಿಂದಿನ ಟೇಬಲ್ ಮೇಲೆ ಕುಕ್ಕೀಸು, ಕಿತ್ತಳೆ ಹಣ್ಣು. ಮತ್ತೆ ವಾಪಸ್ ಬಂದು ಅದೇ ಜಾಗದಲ್ಲಿ 45 ನಿಮಿಷ. ಕೊನೆಗೆ ಎಲ್ಲರೂ ಸೇರ್ಕೊಂಡು ಕುರ್ಚಿ ಒಂದರ ಮೇಲೊಂದು ಜೋಡಿಸಿ ಮನೆಗೆ ಹೋದ್ರು.

ಹೊರಗೆ ಚಳಿ, ಹೊರಬಾಗಿಲು ಹಾಕಿತ್ತು. ಮಾಸ್ಕ್ ಇಲ್ಲ, ಆ ಕಾಲಕ್ಕೆ ಜನಸಾಮಾನ್ಯರು ಮಾಸ್ಕ್ ಹಾಕ್ಕೋಬೇಡಿ, ಆಸ್ಪತ್ರೆಯವರಿಗೆ ಸಾಲ್ತಿಲ್ಲ ಅಂತಾನೇ ಅಲ್ಲಿ ಹೇಳ್ತಿದ್ದಿದ್ದು. ಲಸಿಕೆ ಮಾತಂತೂ ಬಿಡಿ, ಅದು ಬಂದಿದ್ದು ಆ ವರ್ಷದ ಡಿಸೆಂಬರಲ್ಲಿ.

ಆಮೇಲಿನ ಒಂದು ವಾರ

11, 12ನೇ ತಾರೀಕಿಗೇ ಕೆಲವರಿಗೆ ಜ್ವರ ಶುರು. ಕೆಮ್ಮು, ಜ್ವರ, ಮೈಕೈ ನೋವು, ತಲೆನೋವು, ಇವೇ ಹೆಚ್ಚಿನವರಿಗೆ. ಪ್ರಾಕ್ಟೀಸ್ ಆದ ದಿನದಿಂದ ಲಕ್ಷಣ ಕಾಣಿಸ್ಕೊಳ್ಳೋಕೆ ಹಿಡಿದಿದ್ದು ಒಂದು ದಿನದಿಂದ 12 ದಿನ, ನಡುವಿನ ಲೆಕ್ಕ 3 ದಿನ. ಒಬ್ಬೊಬ್ಬರೇ ಮನೇಲಿ ಮಲಗಿದಾಗ ಯಾರಿಗೂ ಇದು ಒಂದೇ ಘಟನೆ ಅಂತ ಹೊಳೆಯಲ್ಲ, ಎಲ್ಲರಿಗೂ ತಮ್ಮದು ಮಾತ್ರ ಗೊತ್ತಿರುತ್ತೆ. ಹೀಗಾಗಿ ಮೂರನೇ ತಿರುವು ಅಂತ ನಾನು ಇಟ್ಕೊಳ್ಳೋದು ಮಾರ್ಚ್ 15ರ ಈಮೇಲನ್ನ. ಆರು ಜನಕ್ಕಾದ್ರೂ ಜ್ವರ ಬಂದಿದೆ, ಇಬ್ಬರು ಟೆಸ್ಟ್ ಮಾಡ್ಸಿದಾರೆ ಅಂತ ನಿರ್ದೇಶಕರು ಎಲ್ಲರಿಗೂ ಬರೀತಾರೆ. ಮಾರನೇ ದಿನ ಮೂರು ಜನಕ್ಕೆ ಪಾಸಿಟಿವ್ ಅಂತ ಬರುತ್ತೆ, 17ಕ್ಕೆ ಇನ್ನೊಂದು ಈಮೇಲ್ ಹಾಕಿ ಪಾಸಿಟಿವ್ ಬಂದಿರೋದನ್ನೂ ಮುಚ್ಚಿಡದೆ ತಿಳಿಸ್ತಾರೆ. ಅವತ್ತೇ ತಂಡದ ಪರವಾಗಿ ಒಬ್ಬ ಸದಸ್ಯರು ಆರೋಗ್ಯ ಇಲಾಖೆಗೆ ತಿಳಿಸಿ, ಹೀಗ್ಹೀಗಾಗಿದೆ, ಮೂರು ಪಾಸಿಟಿವ್, ಇನ್ನೂ 25 ಜನಕ್ಕೆ ಅದೇ ಲಕ್ಷಣ ಅಂತಾರೆ.

ಇದು ಎಷ್ಟು ದೊಡ್ಡ ಕೆಲಸ ಅಂತ ನಮಗೆ ಗೊತ್ತಾಗ್ಬೇಕು. 2020ರಲ್ಲಿ ನಮ್ಮ ಕಡೆ ಮನೆ ಬಾಗಿಲಿಗೆ ಸ್ಟಿಕ್ಕರ್ ಅಂಟಿಸ್ತಿದ್ರು, ಬೀದಿಗೆ ಅಡ್ಡಲಾಗಿ ಶೀಟು ಹೊಡೀತಿದ್ರು, ಪಾಸಿಟಿವ್ ಬಂದವರ ಮನೆಯವರನ್ನ ಜನ ಅಪರಾಧಿಗಳ ಥರ ನೋಡ್ತಿದ್ರು, ಅದರ ಫಲ ಅಂದ್ರೆ ಜ್ವರ ಬಂದ್ರೂ ಬಾಯಿ ಬಿಡದೇ ಡೋಲೋ ನುಂಗಿ ಸುಮ್ಮನಾಗೋದು. ಈ ತಂಡದವರು ಒಬ್ಬರನ್ನೊಬ್ಬರು ದೂರೋಕೆ ಹೋಗಿದ್ರೆ, ನಿನ್ನಿಂದಾನೇ ಬಂತು ಅಂತ ಶುರು ಹಚ್ಕೊಂಡಿದ್ರೆ, ಈ ಕೇಸು ಯಾರಿಗೂ ಗೊತ್ತಾಗದೇ ಮಣ್ಣಾಗ್ತಿತ್ತು. ಇಲಾಖೆಯವರು 18ರಿಂದ 20ರೊಳಗೆ ಫೋನಲ್ಲೇ ಬಹುತೇಕ ಎಲ್ಲರನ್ನೂ ಮಾತಾಡ್ಸಿದ್ರು, ಏಪ್ರಿಲ್ 7ರಿಂದ 10ರೊಳಗೆ ಇನ್ನೊಂದು ಸಲ. ಲಕ್ಷಣ ಇರೋರು ಪ್ರತ್ಯೇಕ ಇರಿ, ಬಂದಿದ್ದವರು ಕ್ವಾರಂಟೈನ್ ಆಗಿ ಅಂತ ಹೇಳಿದ್ರು.

ಲೆಕ್ಕದ ಬಗ್ಗೆ ಒಂದು ಮಾತು, ಯಾಕಂದ್ರೆ ಈ 53ನ್ನ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ಮೊದಲ ರೋಗಿನ ಸೇರಿಸಿ 33 ಜನಕ್ಕೆ ಟೆಸ್ಟಲ್ಲೇ ಖಚಿತ. ಉಳಿದ 20 ಜನ ಲಕ್ಷಣ ಎಲ್ಲಾ ಇದ್ದು ಟೆಸ್ಟ್ ಆಗದೇ ಇದ್ದವರು, ಆಗ ಟೆಸ್ಟ್ ಕಿಟ್ಟಿಗೇ ಬರ. ಹಾಗಾಗಿ ಮೊದಲ ರೋಗಿ ಬಿಟ್ಟು ಉಳಿದ 60ರಲ್ಲಿ ಖಚಿತ ಆದವರನ್ನ ಮಾತ್ರ ಹಿಡಿದ್ರೆ ನೂರಕ್ಕೆ 53.3, ಎಲ್ಲರನ್ನೂ ಹಿಡಿದ್ರೆ ನೂರಕ್ಕೆ 86.7. ಕಡಿಮೆ ಸಂಖ್ಯೆನೇ ತಗೊಂಡ್ರೂ ಅರ್ಧಕ್ಕಿಂತ ಜಾಸ್ತಿ, ಒಂದೇ ಸಂಜೆಗೆ.

ಬಂದ ದಾರಿ ಯಾವುದು

ಮಜಾ ಇರೋದು ಇಲ್ಲಿ. ಮಾರ್ಚ್ 28ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಟ್ವಿಟ್ಟರಲ್ಲಿ, ಕೊರೊನಾ ಗಾಳಿಲಿ ಹರಡಲ್ಲ, ಇದು ಸತ್ಯಾಂಶ ಅಂತ ದೊಡ್ಡದಾಗಿ ಹಾಕಿತ್ತು. ಮಾರನೇ ದಿನಾನೇ, 29ಕ್ಕೆ, ಲಾಸ್ ಏಂಜಲೀಸ್ ಟೈಮ್ಸಲ್ಲಿ ಈ ತಂಡದ ಕಥೆ ಬಂತು. ಮುಟ್ಟಿಲ್ಲ, ಅಪ್ಪಿಲ್ಲ, ಯಾರೂ ಕೆಮ್ಮಿಲ್ಲ, ಆದ್ರೂ ಐವತ್ತಕ್ಕೆ ಹತ್ತಿರ ಜನಕ್ಕೆ ಬಂದಿದೆ ಅಂದ್ರೆ ಬಂದಿದ್ದು ಹೇಗೆ?

ಆಗಿನ ಪಾಠ ಏನಪ್ಪಾ ಅಂದ್ರೆ, ಕೆಮ್ಮಿದಾಗ ಸೀನಿದಾಗ ದೊಡ್ಡ ಹನಿ ಹಾರುತ್ತೆ, ಅದು ಆರಡಿ ಒಳಗೆ ನೆಲಕ್ಕೆ ಬೀಳುತ್ತೆ, ಬಿದ್ದ ಜಾಗ ಮುಟ್ಟಿ ಮುಖ ಮುಟ್ಕೊಂಡ್ರೆ ಬರುತ್ತೆ. ಇದರ ಮೇಲೇ ಆರಡಿ ಅಂತರದ ಗೆರೆ, ಇದರ ಮೇಲೇ ಸ್ಯಾನಿಟೈಜರು, ಇದರ ಮೇಲೇ ನಾವು ಹಾಲಿನ ಪ್ಯಾಕೆಟ್ ಸೋಪಲ್ಲಿ ತೊಳೆದಿದ್ದು, ಪೇಪರನ್ನ ಬಿಸಿಲಿಗೆ ಹಾಕಿದ್ದು. ದೊಡ್ಡ ಹನಿ ವಿಷಯದಲ್ಲಿ ಅದು ನಿಜಾನೇ, 100 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಗಾತ್ರದ ಹನಿ ಬಾಯಿ ಎತ್ತರದಿಂದ ನೆಲ ಮುಟ್ಟೋಕೆ ಐದು ಸೆಕೆಂಡು ಸಾಕು. ಆದ್ರೆ 5 ಮೈಕ್ರಾನ್ ಕಣ ಅಲುಗಾಡದ ಗಾಳಿಲಿ ಅರ್ಧ ಗಂಟೆ ಮೇಲೆ ತೇಲುತ್ತೆ, 1 ಮೈಕ್ರಾನ್ ಕಣ ಹನ್ನೆರಡು ಗಂಟೆ. ಮಾತಾಡಿದ್ರೂ ಇಂಥ ಕಣ ಬರುತ್ತೆ, ಸುಮ್ಮನೆ ಉಸಿರಾಡಿದ್ರೂ ಬರುತ್ತೆ, ದನಿ ಜೋರಾದಷ್ಟೂ ಜಾಸ್ತಿ ಬರುತ್ತೆ ಅಂತ 2019ರಲ್ಲೇ, ಕೊರೊನಾಗಿಂತ ಮುಂಚೆನೇ, ಒಂದು ಅಧ್ಯಯನ ತೋರ್ಸಿತ್ತು. ದೇವರ ಕೋಣೆಲಿ ಊದುಬತ್ತಿ ಹಚ್ಚಿ ಬಾಗಿಲು ಹಾಕಿದ್ರೆ ಸ್ವಲ್ಪ ಹೊತ್ತಲ್ಲಿ ಯಾವ ಮೂಲೆಲಿ ಕೂತ್ರೂ ವಾಸನೆ ಒಂದೇ, ಊದುಬತ್ತಿಯಿಂದ ಆರಡಿ ದೂರ ಕೂತಿದೀನಿ ಅನ್ನೋದಕ್ಕೆ ಅರ್ಥ ಇರಲ್ಲ, ಇದೂ ಹಾಗೇ.

ಈಗ ಆ ಸಂಜೆನ ಮತ್ತೆ ನೋಡಿ. 61 ಜನ ಎದೆ ತುಂಬ ಉಸಿರು ಎಳ್ಕೊಂಡು, ಬ್ರೇಕ್ ಬಿಟ್ಟು ಎರಡೂಕಾಲು ಗಂಟೆ ಹಾಡ್ತಿದ್ದಾರೆ. ಹಾಡೋದು ಅಂದ್ರೇನೇ ಮಾಮೂಲಿಗಿಂತ ಜಾಸ್ತಿ ಗಾಳಿ ಒಳಗೆ, ಜಾಸ್ತಿ ಗಾಳಿ ಹೊರಗೆ. ಒಬ್ಬರ ಗಂಟಲಲ್ಲಿ ವೈರಸ್ ಇದೆ, ಅವರು ಬಿಟ್ಟಿದ್ದು ಹಾಲಲ್ಲಿ ತುಂಬ್ತಾ ಹೋಗುತ್ತೆ, ಉಳಿದವರು ಅದನ್ನೇ ಎಳ್ಕೋತಾ ಹೋಗ್ತಾರೆ. ಲಕ್ಷಣ ಶುರುವಾಗಿ ಮೂರು ದಿನ ಅಂದ್ರೆ ವೈರಸ್ ಚೆನ್ನಾಗಿ ಹೊರಗೆ ಹೋಗೋ ಹೊತ್ತು ಬೇರೆ. ಸಿಡಿಸಿ ವರದಿಲೂ ಹಾಡಿದ್ದೇ ಹರಡೋಕೆ ಒಂದು ಕಾರಣ ಆಗಿರಬಹುದು ಅಂತ ಬರೆದ್ರು. ಪಕ್ಕ ಪಕ್ಕ ಕೂತಿದ್ದು, ತಿಂಡಿ ಹಂಚ್ಕೊಂಡಿದ್ದು, ಕುರ್ಚಿ ಜೋಡಿಸಿದ್ದು, ಇವನ್ನೂ ಅವರು ಪಟ್ಟಿಯಿಂದ ತೆಗೀಲಿಲ್ಲ, ತನಿಖೆ ಮಾಡೋರು ಹಾಗೇ ಬರೀಬೇಕು. ಆದ್ರೆ ಒಂದು ಕಿತ್ತಳೆ ಬುಟ್ಟಿ, ಒಂದಿಷ್ಟು ಕುರ್ಚಿಯಿಂದ 52 ಜನಕ್ಕೆ ಹತ್ತಿತು ಅಂತ ನಂಬೋಕೆ ನನಗಂತೂ ಆಗಲ್ಲ.

ಅದೇ ವರ್ಷ ಗಾಳಿ ಮತ್ತು ಕಟ್ಟಡದ ಇಂಜಿನಿಯರುಗಳು ಸೇರಿ ಅದೇ ಹಾಲಿನ ಅಳತೆ, ಹೀಟಿಂಗ್ ವ್ಯವಸ್ಥೆ, ಜನರ ಸಂಖ್ಯೆ ಎಲ್ಲಾ ಹಾಕಿ ಒಂದು ಲೆಕ್ಕ ಮಾಡಿದ್ರು. ಹಾಲಿನ ಗಾಳಿಲಿರೋ ಕಣಗಳನ್ನ ಗಂಟೆಗೆ ಐದು ಸಲ ತೆಗೆದುಹಾಕೋ ಅಷ್ಟು ವ್ಯವಸ್ಥೆ ಇದ್ದು (ಹೊಸ ಗಾಳಿನೋ ಫಿಲ್ಟರೋ ಯಾವುದಾದ್ರೂ ಸರಿ), ಪ್ರಾಕ್ಟೀಸನ್ನ ಎರಡೂವರೆ ಗಂಟೆ ಬದಲು ಒಂದು ಗಂಟೆಗೆ ಮುಗಿಸಿದ್ರೆ ಅಪಾಯ ಅರ್ಧಕ್ಕೆ ಇಳೀತಿತ್ತು ಅಂತ ಬಂತು. ಇದನ್ನ ಓದಿದಾಗ ಬರೀ ಅರ್ಧನಾ ಅಂತ ನಿರಾಸೆ ಆಗುತ್ತೆ, ಆಗ್ಲೇಬೇಕು. ಮಾಸ್ಕೂ ಇಲ್ದೇ ಲಸಿಕೆನೂ ಇಲ್ದೇ ಸೋಂಕಿರೋರು ಒಳಗೆ ಬಂದು ಜೋರಾಗಿ ಹಾಡಿದ್ರೆ ಕಿಟಕಿ ತೆಗೆದ ಮಾತ್ರಕ್ಕೆ ಸೊನ್ನೆ ಆಗಲ್ಲ. ಒಂದರ ಮೇಲೊಂದು ಸೇರ್ಸಬೇಕು.

ಇನ್ನೊಂದು ಕಡೆ ವಾದಾನೂ ಹೇಳ್ಬೇಕು, ಇಲ್ದಿದ್ರೆ ಕಥೆ ಅರ್ಧ ಆಗುತ್ತೆ. 2023ರಲ್ಲಿ ಕೆಲವು ಸಂಶೋಧಕರು ಈ ಕೇಸನ್ನ ಮತ್ತೆ ಬಿಚ್ಚಿದ್ರು. ಯಾರ್ಯಾರಿಗೆ ಯಾವ ದಿನ ಲಕ್ಷಣ ಬಂತು ಅನ್ನೋದನ್ನ ಹರಡಿ ನೋಡಿದ್ರೆ, ಎಲ್ಲರಿಗೂ ಒಂದೇ ಸಂಜೆ ಒಬ್ಬರಿಂದಲೇ ಬಂತು ಅನ್ನೋದು ಸರಿ ಕೂರಲ್ಲ, ಮಾರನೇ ದಿನಾನೇ ಜ್ವರ ಬಂದವರಿಗೆ ಸೋಂಕು ಮೊದಲೇ ಹತ್ತಿರಬೇಕು ಅಂತ ಅವರ ಮಾತು. ಒಂದೇ ದಿನಕ್ಕೆ ಲಕ್ಷಣ ಬರೋದು ಆಗಿನ ವೈರಸ್ಸಿಗೆ ತುಂಬ ಬೇಗ ಆಯ್ತು, ಹಾಗಾಗಿ ಈ ಆಕ್ಷೇಪಣೆಲಿ ಹುರುಳಿದೆ ಅನ್ಸುತ್ತೆ ನನಗೆ. ಹಿಂದಿನ ವಾರದಲ್ಲೇ ಒಬ್ಬಿಬ್ಬರಿಗೆ ಗೊತ್ತಿಲ್ದೇ ಇದ್ದಿರಬಹುದು, ಸೋಂಕಿರೋರು ಆವತ್ತು ಒಬ್ಬರಿಗಿಂತ ಜಾಸ್ತಿ ಬಂದಿರಬಹುದು. ಆದ್ರೆ ಅದರಿಂದ ಆ ಹಾಲಿನ ಗಾಳಿಗೇನೂ ಖುಲಾಸೆ ಸಿಗಲ್ಲ. ನನಗೆ ಕಾಣೋ ಹಾಗೆ ಬದಲಾಗೋದು ಒಂದೇ, ಮೊದಲ ರೋಗಿ ಅಂತ ಒಬ್ಬರ ತಲೆ ಮೇಲೆ ಹೊರ್ಸಿದ ಭಾರ ಕಡಿಮೆ ಆಗುತ್ತೆ. ಹೆಸರು ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ.

2020ರ ಜುಲೈಲಿ 239 ವಿಜ್ಞಾನಿಗಳು ಸೇರಿ ಬಹಿರಂಗ ಪತ್ರ ಬರೆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಗಾಳಿಯಿಂದ ಹರಡೋದನ್ನ ತಳ್ಳಿಹಾಕೋಕೆ ಆಗಲ್ಲ ಅನ್ನೋ ಮಟ್ಟಕ್ಕೆ ಬಂತು, ಪೂರ್ತಿ ಒಪ್ಪಿಕೊಳ್ಳೋಕೆ 2021 ಬೇಕಾಯ್ತು. ನಮ್ಮಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ, ಸಣ್ಣ ಕಣಗಳು ಹತ್ತು ಮೀಟರ್ ತನಕ ಹೋಗಬಹುದು, ಕಿಟಕಿ ತೆಗೀರಿ, ಎಕ್ಸಾಸ್ಟ್ ಹಾಕಿ ಅಂತ ಸಲಹೆ ಹೊರಡಿಸಿದ್ದು 2021ರ ಮೇಲಿ, ಎರಡನೇ ಅಲೆಲಿ ಆಕ್ಸಿಜನ್ನಿಗೆ ಒದ್ದಾಡಿ ಸುಸ್ತಾದ ಮೇಲೆ. ಅಷ್ಟು ಹೊತ್ತಿಗೆ ಜನರ ತಲೇಲಿ ಕೈ ತೊಳೆಯೋದೇ ಕೂತಾಗಿತ್ತು.

ಮಾಸ್ಕ್ ಇದ್ದಿದ್ರೆ?

ಇದಕ್ಕೆ ಉತ್ತರ ಅದೇ ದೇಶದ ಇನ್ನೊಂದು ಕೇಸಲ್ಲಿ ಸ್ವಲ್ಪ ಸಿಗುತ್ತೆ. ಅದೇ ವರ್ಷ ಮೇ ತಿಂಗಳು, ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡಲ್ಲಿ ಒಂದು ಸಲೂನು, ಅಲ್ಲಿನ ಇಬ್ಬರು ಹೇರ್‌ಡ್ರೆಸರ್‌ಗಳಿಗೆ ಲಕ್ಷಣ ಇದ್ದಾಗ್ಲೂ ಕೆಲಸ ಮಾಡಿದ್ರು, 139 ಗಿರಾಕಿಗಳು ಅವರ ಕೈಗೆ ತಲೆ ಕೊಟ್ಟಿದ್ರು. ಇಬ್ಬರೂ ಮಾಸ್ಕ್ ಹಾಕಿದ್ರು, ಊರಲ್ಲಿ ಮಾಸ್ಕ್ ಕಡ್ಡಾಯ ಇದ್ದಿದ್ರಿಂದ ಗಿರಾಕಿಗಳೂ ಹಾಕಿದ್ರು. ಟೆಸ್ಟ್ ಮಾಡಿಸ್ಕೊಂಡ 67 ಜನಕ್ಕೂ ನೆಗೆಟಿವ್, ಉಳಿದವರಲ್ಲೂ ಲಕ್ಷಣ ಕಂಡಿದ್ದು ಗೊತ್ತಾಗ್ಲಿಲ್ಲ. ಎರಡನ್ನೂ ತಕ್ಕಡಿಗೆ ಹಾಕೋಕಾಗಲ್ಲ, ಅಲ್ಲಿ ಯಾರೂ ಹಾಡ್ತಿರ್ಲಿಲ್ಲ, ಒಬ್ಬೊಬ್ಬರೂ ಇದ್ದಿದ್ದು ಹೆಚ್ಚಂದ್ರೆ ಮುಕ್ಕಾಲು ಗಂಟೆ. ಆದ್ರೂ ಬಾಯಿಯಿಂದ ಹೊರಗೆ ಬರೋದನ್ನ ಬಾಯಲ್ಲೇ ತಡೆದ್ರೆ ಹಾಲ್ ತುಂಬೋದು ಕಡಿಮೆ ಆಗುತ್ತೆ ಅನ್ನೋದಕ್ಕೆ ಇದೊಂದು ಸುಳಿವು.

ನಮ್ಮ ಕಡೆ ಇದನ್ನ ಬಳಸೋದಾದ್ರೆ

ಕೊರೊನಾ ಈಗ ಅಷ್ಟು ಭಯ ಹುಟ್ಟಿಸಲ್ಲ, ಲಸಿಕೆ ಬಂದಿದೆ, ಹೆಚ್ಚಿನವರಿಗೆ ಒಂದೆರಡು ಸಲ ಬಂದೂ ಹೋಗಿದೆ. ಆದ್ರೆ ಫ್ಲೂ ಎಲ್ಲಿ ಹೋಗಿದೆ? ಮಳೆಗಾಲಕ್ಕೊಂದು ಸಲ, ಚಳಿಗಾಲಕ್ಕೊಂದು ಸಲ ಮನೆಮಂದಿಗೆಲ್ಲ ಬಂದೇ ಬರುತ್ತೆ, ವಯಸ್ಸಾದವರಿಗೆ, ಶುಗರ್ ಇರೋರಿಗೆ, ಅಸ್ತಮಾ ಇರೋರಿಗೆ ಅದು ಬರೀ ನೆಗಡಿ ಅಲ್ಲ. ಭಜನೆ, ಸುಗಮ ಸಂಗೀತದ ಕ್ಲಾಸು, ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಲ್ಲಿ ನಡೆಯೋ ಯೋಗ, ಜಿಮ್ಮು, ಮಕ್ಕಳ ಟ್ಯೂಷನ್ನು, ಇವೆಲ್ಲದರಲ್ಲೂ ಆ ಸಂಜೆಲಿ ಇದ್ದಿದ್ದೇ ಇದೆ, ಮುಚ್ಚಿದ ಕೋಣೆ, ಜಾಸ್ತಿ ಹೊತ್ತು, ಜೋರು ದನಿ ಇಲ್ಲಾ ಜೋರು ಉಸಿರು.

ನಮ್ಮಲ್ಲಿ ಹೆಚ್ಚು ಜನ ತಪ್ಪು ತಿಳ್ಕೊಂಡಿರೋದು ಎಸಿ ಬಗ್ಗೆ. ಗೋಡೆಗೆ ಹಾಕಿರೋ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಲ್ಲ, ಒಳಗಿನ ಗಾಳಿನೇ ತಣ್ಣಗೆ ಮಾಡಿ ವಾಪಸ್ ಬಿಡುತ್ತೆ, ಅದನ್ನ ಹಾಕ್ದಾಗ ಕಿಟಕಿನೂ ಮುಚ್ತೀವಿ, ಅಂದ್ರೆ ಎಲ್ಲರೂ ಎಲ್ಲರ ಉಸಿರನ್ನೇ ಎಳ್ಕೊಂಡು ಕೂತಿರ್ತೀವಿ. ಸೀಲಿಂಗ್ ಫ್ಯಾನೂ ಅಷ್ಟೇ, ಗಾಳಿ ಕದಡುತ್ತೆ, ಬದಲಾಯಿಸಲ್ಲ. ಎದುರುಬದುರು ಎರಡು ಕಿಟಕಿ ತೆಗೆದು, ಒಂದು ಕಡೆ ಎಕ್ಸಾಸ್ಟ್ ಫ್ಯಾನ್ ಹೊರಗೆ ತಳ್ಳೋ ಹಾಗೆ ಹಾಕಿದ್ರೆ ಅರ್ಧ ಕೆಲಸ ಆಯ್ತು, ಅದಕ್ಕೇನು ದೊಡ್ಡ ಖರ್ಚಿಲ್ಲ. ಬೆಂಗಳೂರು ಮೈಸೂರು ಹವೆಗೆ ವರ್ಷದ ಹೆಚ್ಚಿನ ದಿನ ಕಿಟಕಿ ತೆಗೆಯೋಕೆ ಏನು ಅಡ್ಡಿ ಅಂತ ನನಗೆ ಅರ್ಥ ಆಗಿಲ್ಲ, ಸೊಳ್ಳೆ ಅಂದ್ರೆ ಜಾಲರಿ ಹಾಕ್ಸಿ. ಗಾಳಿ ಸಾಕಾಗ್ತಿದೆಯಾ ಅಂತ ನೋಡೋಕೆ ಕಾರ್ಬನ್ ಡೈ ಆಕ್ಸೈಡ್ ಮೀಟರ್ ಸಿಗುತ್ತೆ, ಹೊರಗಡೆ ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಲ್ಲಿ ಇಷ್ಟು ಪಾಲು) ಇರುತ್ತೆ, ಜನ ಸೇರಿದ ಮೇಲೆ ಒಳಗೆ 1000 ದಾಟ್ತಿದ್ರೆ ಗಾಳಿ ನಿಂತಿದೆ ಅಂತ. ಗಂಟೆಗೆ ಐದು ಸಲ ಗಾಳಿ ಬದಲಾಗೋ ಗುರಿ ಇಟ್ಕೊಳ್ಳಿ ಅಂತ ಸಿಡಿಸಿ 2023ರಲ್ಲಿ ಹೇಳಿತು, ಮೇಲಿನ ಲೆಕ್ಕದಲ್ಲಿ ಬಂದ ಐದಕ್ಕೆ ಹೊಂದೋ ಸಂಖ್ಯೆನೇ ಅದು.

ಇನ್ನು ನೆಗಡಿ ಇರೋರ ವಿಷಯ. ಹುಷಾರಿಲ್ಲ ಅಂದ್ರೆ ಬರಬೇಡಿ ಅಂತ ನೋಟೀಸ್ ಹಾಕೋದು ಸುಲಭ, ಅದನ್ನ ಯಾರೂ ಪಾಲಿಸಲ್ಲ, ಯಾಕಂದ್ರೆ ನೆಗಡಿನ ಯಾರೂ ಹುಷಾರಿಲ್ಲ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ನೋಟೀಸಲ್ಲಿ ಮೂಗು ಸೋರೋದು, ಗಂಟಲು ಕೆರೆತ ಅಂತ ಬಿಡಿಸಿ ಬರೀಬೇಕು. ಜೊತೆಗೆ ಬರದೇ ಇದ್ರೆ ಅವರಿಗೆ ನಷ್ಟ ಆಗಬಾರದು. ಹಾರ್ಮೋನಿಯಂ ನುಡಿಸೋರು ಒಬ್ಬರೇ ಇದ್ರೆ ಅವರು ಜ್ವರ ಇಟ್ಕೊಂಡೂ ಬರ್ತಾರೆ, ನಾನಿಲ್ದಿದ್ರೆ ಭಜನೆ ನಿಲ್ಲುತ್ತೆ ಅನ್ನೋ ಸಂಕೋಚಕ್ಕೆ. ಇನ್ನೊಬ್ಬರಿಗೆ ಕಲಿಸಿಡಬೇಕು, ಇಲ್ಲಾ ಆವತ್ತು ಬರೀ ತಾಳದಲ್ಲಿ ಹಾಡ್ಕೋಬೇಕು. ಟ್ಯೂಷನ್ ಮೇಡಂ ಮಿಸ್ ಆದ ಕ್ಲಾಸನ್ನ ಇನ್ನೊಂದು ದಿನ ತಗೋತೀನಿ ಅಂದ್ರೆ ಮಾತ್ರ ಅಪ್ಪ ಅಮ್ಮ ಮಗೂನ ಮನೇಲಿ ಇಟ್ಕೋತಾರೆ. ಬರ್ಲೇಬೇಕು ಅಂದ್ರೆ ಮುಖಕ್ಕೆ ಸರಿಯಾಗಿ ಕೂರೋ ಎನ್95 ಹಾಕ್ಕೊಂಡು ಹಿಂದೆ ಕಿಟಕಿ ಪಕ್ಕ ಕೂತ್ಕೊಳ್ಳಿ, ಹಾಡಬೇಡಿ, ಕೇಳಿ.

ಮತ್ತೆ ಆ ಮಾರ್ಚ್ 15ರ ಈಮೇಲ್ ಥರದ್ದು ಒಂದು ನಮ್ಮ ಗುಂಪುಗಳಿಗೂ ಬೇಕು. ವಾಟ್ಸಾಪ್ ಗ್ರೂಪಲ್ಲಿ ದಿನಾ ನೂರು ಗುಡ್ ಮಾರ್ನಿಂಗ್ ಬರುತ್ತೆ, ನನಗೆ ನಿನ್ನೆಯಿಂದ ಜ್ವರ ಅಂತ ಒಬ್ಬರೂ ಹಾಕಲ್ಲ. ಯಾರಿಗೆ ಅಂತ ಹೆಸರು ಹಾಕೋದೇನೂ ಬೇಡ, ಶುಕ್ರವಾರ ಬಂದಿದ್ದವರಲ್ಲಿ ಇಬ್ಬರಿಗೆ ಜ್ವರ ಬಂದಿದೆ, ಮನೇಲಿ ವಯಸ್ಸಾದವರು ಇರೋರು ನಾಲ್ಕೈದು ದಿನ ಮಾಸ್ಕ್ ಹಾಕ್ಕೊಳ್ಳಿ, ಮುಂದಿನ ವಾರ ಟೆರೇಸ್ ಮೇಲೆ ಸೇರೋಣ ಅಂತ ಅಡ್ಮಿನ್ ಎರಡು ಸಾಲು ಹಾಕಿದ್ರೆ ಸಾಕು. ಆದ್ರೆ ಆ ಮೆಸೇಜ್ ಹಾಕೋರು ಯಾರು, ಎಷ್ಟು ಜನಕ್ಕೆ ಜ್ವರ ಬಂದ್ರೆ ಆ ವಾರದ ಕಾರ್ಯಕ್ರಮ ಕ್ಯಾನ್ಸಲ್ ಮಾಡೋದು ಅಂತ ಎಲ್ಲರೂ ಗಟ್ಟಿಮುಟ್ಟಾಗಿರುವಾಗ್ಲೇ ಕೂತು ಮಾತಾಡಿ ಇಟ್ಕೋಬೇಕು. ಹಾಲ್ ಬುಕ್ ಆಗಿ, ಪ್ರಸಾದಕ್ಕೆ ಹೇಳಿಯಾಗಿ, ಹೊರಗಿನಿಂದ ತಬಲಾದವರು ಬಂದು ಕೂತ ಮೇಲೆ ಬೇಡ ಅನ್ನೋ ಧೈರ್ಯ ಯಾರಿಗೂ ಬರಲ್ಲ.